ದುಡ್ಡು ಕೊಟ್ಟು ಬಿಸಿಲಿಗೆ ಹೋದವನ ಕಥೆ

"ಎಂತ ಮಾರಾಯ, ಬಿಸಿಲಲ್ಲಿ ಓಡ್ಲಿಕ್ಕೆ ದುಡ್ಡು ಕೊಟ್ಟು ಮಲೇಶಿಯಾಕ್ಕೆ ಹೋಗುದಾ? ನಮ್ಮ ಡೊಂಬಿವಲಿಯಲ್ಲಿ ಬಿಸಿಲು ಪುಕ್ಕಟೆ ಸಿಕ್ಕುದಿಲ್ವಾ?"

2022ರಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳದವರೇ ಇಲ್ಲ. ಊರಿನ ಭಾವ ಕೇಳಿದರು, ಸಂಘದ ಹಿರಿಯರು ಕೇಳಿದರು, ಪಕ್ಕದ ಮನೆಯ ಮರಾಠಿ ಹುಡುಗ "ಕಾಕಾ, ಕಶಾಲಾ?" ಎಂದು ಒಂದೇ ಮಾತಲ್ಲಿ ಮುಗಿಸಿದ. ಆಗ ನನಗೆ ಐವತ್ತಮೂರು. ಮೊಣಕಾಲು ಆಗಾಗ ಮಾತಾಡುವ ವಯಸ್ಸು. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಉತ್ತರ ಮಾತ್ರ ಒಂದೇ ಮಾತಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಮೊದಲು ಸ್ವಲ್ಪ ವಿವರ. ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ, ಮೂರೂ ಒಂದರ ಬೆನ್ನಿಗೆ ಒಂದು. ನಡುವೆ ಬಟ್ಟೆ, ಬೂಟು ಬದಲಿಸುವಷ್ಟೇ ಬಿಡುವು, ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಅದರಲ್ಲಿ ಬಲು ದೊಡ್ಡದು 'ಐರನ್‌ಮ್ಯಾನ್'. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಕೊನೆಗೆ ಒಂದು ಪೂರ್ತಿ ಮ್ಯಾರಥಾನ್. ಇದು ಶುರುವಾದದ್ದು 1978ರ ಫೆಬ್ರವರಿ 18ರಂದು, ಹವಾಯಿಯ ಒವಾಹು ದ್ವೀಪದಲ್ಲಿ. ಹೊರಟವರು ಹದಿನೈದು ಜನ, ಮುಗಿಸಿದವರು ಹನ್ನೆರಡು. ನಮ್ಮ ಬೆಂಗಳೂರಿನ ಅನು ವೈದ್ಯನಾಥನ್ 2009ರಲ್ಲಿ ಕೆನಡಾದಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚಿನ 'ಅಲ್ಟ್ರಾಮ್ಯಾನ್' ಮುಗಿಸಿದವರು. ಅಷ್ಟೆಲ್ಲ ನನ್ನಿಂದಾಗದು. ನಾನು ಹೆಸರು ಕೊಟ್ಟದ್ದು ಅರ್ಧದ್ದಕ್ಕೆ. 1.9 ಕಿಲೋಮೀಟರ್ ಕಡಲಲ್ಲಿ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಒಟ್ಟು ಮೈಲಿ ಲೆಕ್ಕದಲ್ಲಿ 70.3, ಅದೇ ಅದರ ಹೆಸರು ಕೂಡ. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ಮುಗಿಸದಿದ್ದರೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಡಿಎನ್‌ಎಫ್ ಎಂಬ ಮೂರು ಅಕ್ಷರ.

ಜಾಗ ಮಲೇಶಿಯಾದ ಲಂಕಾವಿ ದ್ವೀಪ. ಹತ್ತಿರದ ವಿದೇಶ, ವಿಮಾನದ ಖರ್ಚು ಕಡಿಮೆ, ನಾನು ಆರಿಸಿಕೊಂಡದ್ದು ಅದಕ್ಕೇ. ಆದರೆ ಅಲ್ಲಿಯ ಹವೆ ಹೆಸರುವಾಸಿ. ಥರ್ಮಾಮೀಟರ್ ನೋಡಿದರೆ 32, 33 ಅಷ್ಟೇ. ಇಷ್ಟೇನಾ ಅನ್ನಿಸುತ್ತದೆ. ಗಾಳಿಯಲ್ಲಿ ನೀರು ತುಂಬಿರುತ್ತದಲ್ಲ, ಕೊಲ್ಲುವುದು ಅದು. ನಮ್ಮ ಮೇ ತಿಂಗಳ ಕೊನೆಯ ವಾರ, ಮಳೆ ಇವತ್ತು ಬಂತು ನಾಳೆ ಬಂತು ಅನ್ನುವ ಹೊತ್ತಿನ ಡೊಂಬಿವಲಿ ಪ್ಲ್ಯಾಟ್‌ಫಾರ್ಮನ್ನು ನೆನಪಿಸಿಕೊಳ್ಳಿ. ಅಲ್ಲಿ ನಿಲ್ಲುವುದಲ್ಲ, ಓಡುವುದು.

* * *

ನನ್ನ ತಯಾರಿಯೆಲ್ಲ ನಮ್ಮ ಈ ಕಡೆಯಲ್ಲೇ ಆಯಿತು. ಈಜಿಗೆ ಡೊಂಬಿವಲಿ ಪೂರ್ವದ ಸಾವಳಾರಾಮ್ ಮಹಾರಾಜ್ ಕ್ರೀಡಾ ಸಂಕುಲದ ಕೊಳ. ಸೈಕಲ್ಲಿಗೆ ಭಾನುವಾರ ಬೆಳಗಿನ ಜಾವ ಕಲ್ಯಾಣ್-ಶಿಳ್ ರಸ್ತೆ ಹಿಡಿದು, ಶಿಳ್ ಫಾಟಾ, ಮಹಾಪೆ ದಾಟಿ ನವಿಮುಂಬಯಿಯ ಪಾಮ್ ಬೀಚ್ ರಸ್ತೆ. ವಾಶಿಯಿಂದ ಬೇಲಾಪುರದವರೆಗೆ ಹತ್ತು ಕಿಲೋಮೀಟರಿನಷ್ಟು ಸಪಾಟು ರಸ್ತೆ, ಹೋಗಿ ಬಂದು, ಹೋಗಿ ಬಂದು ಮಾಡಿದರೆ ಲೆಕ್ಕ ತುಂಬುತ್ತದೆ. ಏರು ಬೇಕೆಂದಾಗ ಥಾಣೆಯ ಉಪವನ ಕೆರೆಯಿಂದ ಯೇವೂರಿನ ಕಾಡು ದಾರಿ. ಓಟಕ್ಕೆ ಕಲ್ಯಾಣಿನ ಕಾಳಾ ತಲಾವ್ ಸುತ್ತ ಪ್ರದಕ್ಷಿಣೆ. ಕೆರೆ ಸುತ್ತುವ ಅಜ್ಜಂದಿರು ಮೊದಮೊದಲು ನಕ್ಕರು, ಆಮೇಲೆ ಸುತ್ತು ಎಣಿಸಿ ಹೇಳತೊಡಗಿದರು.

ಅಕ್ಟೋಬರ್ ಬಂದ ಮೇಲೆ ಮಾತ್ರ ವಿಧಾನ ಬದಲಾಯಿತು. ಮುಂಬಯಿಯವರಿಗೆ 'ಅಕ್ಟೋಬರ್ ಹೀಟ್' ಅಂದರೆ ಹೇಳಬೇಕಾದ್ದಿಲ್ಲ. ಮಳೆ ಹಿಂದೆ ಸರಿದಿರುತ್ತದೆ, ಆಕಾಶ ಖಾಲಿ, ನೆಲದಲ್ಲಿ ಇನ್ನೂ ಪಸೆ. ವರ್ಷದ ಎರಡನೇ ಬೇಸಿಗೆ ಅದು. ಎಲ್ಲರೂ ಅದರಿಂದ ತಪ್ಪಿಸಿಕೊಳ್ಳುವಾಗ ನಾನು ಮಧ್ಯಾಹ್ನ ಹನ್ನೆರಡಕ್ಕೆ ಬೂಟು ಕಟ್ಟಿಕೊಂಡು ಹೊರಡುತ್ತಿದ್ದೆ. ಮೊದಲ ದಿನ ಇಪ್ಪತ್ತು ನಿಮಿಷ, ನಿಧಾನಕ್ಕೆ. ಎರಡು ದಿನಕ್ಕೊಮ್ಮೆ ಐದು, ಹತ್ತು ನಿಮಿಷ ಹೆಚ್ಚಿಸುತ್ತ ಎರಡು ವಾರ.

ಇದು ಹುಚ್ಚಲ್ಲ, ಇದಕ್ಕೆ ಲೆಕ್ಕ ಇದೆ. ನಮ್ಮ ಸ್ನಾಯು ಕೆಲಸ ಮಾಡುವಾಗ ಖರ್ಚಾಗುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಕೆಲಸಕ್ಕೆ ಹೋಗುತ್ತದೆ. ಉಳಿದ ಮುಕ್ಕಾಲು ಬರೀ ಶಾಖ. ಅದನ್ನು ಹೊರಗೆ ಹಾಕಲು ಮೈಗೆ ಇರುವ ದೊಡ್ಡ ಉಪಾಯ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಆದರೆ ಆರಬೇಕು! ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಏನೂ ಲಾಭವಿಲ್ಲ, ನೀರೂ ಹೋಯಿತು, ಉಪ್ಪೂ ಹೋಯಿತು, ಕಾವು ಅಲ್ಲೇ ಉಳಿಯಿತು. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಬೆವರು ಆರುವುದು ಎಲ್ಲಿಂದ? ಅದಕ್ಕೇ ಬಳ್ಳಾರಿ, ರಾಯಚೂರಿನ 40 ಡಿಗ್ರಿಗಿಂತ ನಮ್ಮ ಕರಾವಳಿಯ 35 ಎಷ್ಟೋ ಸಲ ಕಷ್ಟ. ಹವಾಮಾನ ಇಲಾಖೆಯೂ ಬಿಸಿಗಾಳಿ ಎಂದು ಘೋಷಿಸಲು ಬಯಲು ಸೀಮೆಗೆ ಕನಿಷ್ಠ 40 ಡಿಗ್ರಿ ಆಗಬೇಕು ಅನ್ನುತ್ತದೆ, ಕರಾವಳಿಗೆ 37 ಸಾಕು.

ದಿನವೂ ಸ್ವಲ್ಪ ಸ್ವಲ್ಪ ಕಾವು ಕೊಟ್ಟರೆ ಮೈ ಕಲಿಯುತ್ತದೆ. ಹತ್ತರಿಂದ ಹದಿನಾಲ್ಕು ದಿನ ಬೇಕು. ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ಓಟಕ್ಕೆ ಎದೆ ಬಡಿತ ಇಳಿಯುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಮರೆತೂ ಹೋಗುತ್ತದೆ. ಓಡುವ ಮೊದಲು ಮತ್ತು ಓಡಿದ ಮೇಲೆ ನಾನು ತಕ್ಕಡಿ ಹತ್ತಿ ನೋಡುತ್ತಿದ್ದೆ. ಒಂದು ಗಂಟೆಯಲ್ಲಿ ಒಂದೂಕಾಲು ಕಿಲೋ ಇಳಿದಿರುತ್ತಿತ್ತು. "ರೀ, ಹೀಗೆ ಹತ್ತು ದಿನ ಓಡಿದ್ರೆ ನೀವು ಉಳೀತೀರಾ?" ಎಂದು ನನ್ನವಳು ಕೇಳಿದಳು. ಅದು ಕೊಬ್ಬಲ್ಲ ಮಾರಾಯ್ತಿ, ನೀರು. ಎರಡು ಚೊಂಬು ಕುಡಿದರೆ ವಾಪಸ್ಸು.

ಈ ವಿದ್ಯೆ ಆಟಗಾರರು ಕಂಡುಹಿಡಿದದ್ದಲ್ಲ ಎಂಬುದು ನಿಮಗೆ ಗೊತ್ತಿರಲಿ. ಇದು ಬಂದದ್ದು ಗಣಿಗಳಿಂದ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ 1920ರ ದಶಕದಲ್ಲಿ ಕಾರ್ಮಿಕರು ಕಾವು ತಾಳದೆ ಸಾಯತೊಡಗಿದಾಗ, ಹೊಸಬರನ್ನು ಮೆಲ್ಲಮೆಲ್ಲಗೆ ಬಿಸಿಗೆ ಒಗ್ಗಿಸಿ ಆಮೇಲೆ ಕೆಳಗಿಳಿಸುವ ಪದ್ಧತಿ ಬಂತು. ನಮ್ಮ ಕೋಲಾರದ ಚಿನ್ನದ ಗಣಿಯೂ ಹಾಗೇ. 2001ರಲ್ಲಿ ಮುಚ್ಚುವ ಹೊತ್ತಿಗೆ ಮೂರು ಕಿಲೋಮೀಟರಿಗಿಂತ ಆಳ. ತಳದ ಬಂಡೆಯ ಕಾವು 60 ಡಿಗ್ರಿಗೂ ಮೇಲೆ. ಆ ಬಂಡೆಯ ನಡುವೆ ಬೆವರಿದವರ ಲೆಕ್ಕದಿಂದ ಕಲಿತದ್ದನ್ನು ಇವತ್ತು ನಾವು ಸಾವಿರಾರು ರೂಪಾಯಿಯ ಬೂಟು ಹಾಕಿಕೊಂಡು ಉಪಯೋಗಿಸುತ್ತೇವೆ.

* * *

ಗಣಿಯವರೆಗೆ ಹೋಗಬೇಕಾದ್ದೂ ಇಲ್ಲ. ಕಾವಿನ ಪಾಠ ನನಗೆ ಮೊದಲು ಆದದ್ದು ಒಂದು ಹೋಟೆಲಿನ ಅಡುಗೆಮನೆಯಲ್ಲಿ.

ನಾನು ಮರವಂತೆ ಕಡೆಯವನು. 1983ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಊರಿನವರೊಬ್ಬರ ಕೈ ಹಿಡಿದು ಮುಂಬಯಿ ಬಸ್ಸು ಹತ್ತಿದೆ. ಥಾಣೆ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲು. ಮೊದಲು ಟೇಬಲ್ ಒರೆಸುವುದು, ಆಮೇಲೆ ಗ್ಲಾಸು ತೊಳೆಯುವುದು, ಆಮೇಲೆ ಒಳಗೆ. ತಿಂಗಳಿಗೆ ಅರವತ್ತು ರೂಪಾಯಿ, ಊಟ, ಮಾಳಿಗೆಯಲ್ಲಿ ಮಲಗಲು ಒಂದು ಚಾಪೆಯಷ್ಟು ಜಾಗ. ಸಂಜೆ ಲೋಕಲ್ ಹಿಡಿದು ರಾತ್ರಿ ಶಾಲೆ. ನಮ್ಮ ತಲೆಮಾರಿನ ಎಷ್ಟೋ ಜನರ ಕಥೆ ಇದೇ, ನನ್ನದರಲ್ಲಿ ವಿಶೇಷ ಏನೂ ಇಲ್ಲ. ಓದುತ್ತಿರುವ ಕೆಲವರಾದರೂ ಈಗ ತಲೆ ಆಡಿಸುತ್ತಿರಬಹುದು.

ದೋಸೆ ಕಾವಲಿಯ ಎದುರು ನಿಂತವನಿಗೆ ಗೊತ್ತು ಅದೇನೆಂದು. ಮುಂದೆ ಕಾವಲಿ, ಬೆನ್ನಿಗೆ ಸಾಂಬಾರಿನ ಹಂಡೆ, ಬದಿಯಲ್ಲಿ ಇಡ್ಲಿ ಅಟ್ಟದ ಹಬೆ. ಕಿಟಕಿ ಇದ್ದರೆ ಅದು ಮೋರಿಯ ಕಡೆಗೆ. ಬೆವರು ಆರುವ ಪ್ರಶ್ನೆಯೇ ಇಲ್ಲ, ಬನಿಯನ್ ಹಿಂಡಿ ಹಿಂಡಿ ಹಾಕಿಕೊಳ್ಳುವುದು. ನಮ್ಮ ಅಡುಗೆ ಭಟ್ಟರಿಗೆ ಪ್ಲಾಸ್ಮಾ ಗೀಸ್ಮಾ ಗೊತ್ತಿರಲಿಲ್ಲ. ಆದರೆ ಹೊಸ ಹುಡುಗನನ್ನು ಮೊದಲ ವಾರ ಕಾವಲಿಗೆ ಬಿಡುತ್ತಿರಲಿಲ್ಲ. ಮಧ್ಯಾಹ್ನ ಹನ್ನೊಂದಕ್ಕೆ ಗಂಜಿಯ ತೆಳಿಗೆ ಉಪ್ಪು ಹಾಕಿ ದೊಡ್ಡ ಲೋಟದಲ್ಲಿ ಎಲ್ಲರಿಗೂ ಕೊಡುತ್ತಿದ್ದರು. ಬೇಡ ಅಂದರೆ ಬೈಗುಳ. ಒಂದು ಲೀಟರ್ ಬೆವರಿನಲ್ಲಿ ಹೆಚ್ಚುಕಡಿಮೆ ಎರಡೂವರೆ ಗ್ರಾಂ ಉಪ್ಪು ಹೋಗುತ್ತದೆ, ಬರೀ ನೀರು ಕುಡಿದರೆ ಸಾಲದು ಎಂದು ಮೂವತ್ತು ವರ್ಷದ ಮೇಲೆ ಪುಸ್ತಕದಲ್ಲಿ ಓದಿದಾಗ ನನಗೆ ಆ ಲೋಟವೇ ನೆನಪಾಯಿತು. ಬರೀ ನೀರು ಅತಿಯಾಗಿ ಕುಡಿಯುವುದೂ ಅಪಾಯವೇ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ ಹದಿಮೂರು ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕೆಳಗಿತ್ತು.

1986ರ ಮೇ ತಿಂಗಳ ಒಂದು ಮಧ್ಯಾಹ್ನ. ಕಾವಲಿಗೆ ನಿಂತಿದ್ದವನು ನನಗಿಂತ ಎರಡು ವರ್ಷ ದೊಡ್ಡವ, ನಮ್ಮ ಕಡೆಯವನೇ. ಮಾತು ಕಡಿಮೆ, ಕೈ ಚುರುಕು. ಅವತ್ತು ಇದ್ದಕ್ಕಿದ್ದಂತೆ ದೋಸೆ ಎಬ್ಬಿಸಿ ತಟ್ಟೆಗೆ ಹಾಕುವ ಬದಲು ನೆಲಕ್ಕೆ ಹಾಕಿದ. ಮತ್ತೊಂದು, ಅದೂ ನೆಲಕ್ಕೆ. ನಾವು ನಕ್ಕೆವು, ತಮಾಷೆ ಎಂದುಕೊಂಡು. ಅವನು ನಮ್ಮ ಕಡೆ ತಿರುಗಿದ. ಕಣ್ಣು ನಮ್ಮ ಮೇಲೆ ಇತ್ತು, ನೋಡುತ್ತಿರಲಿಲ್ಲ. ಊರಿನಲ್ಲಿರುವ ಅಮ್ಮನ ಹತ್ತಿರ ಏನೋ ಹೇಳುತ್ತಿದ್ದ. ಭಟ್ಟರು ಸಟ್ಟುಗ ಎಸೆದು ಬಂದರು. "ತಲೆಗೆ ಕಾವು ಏರಿದೆ ಇವನಿಗೆ, ಹಿಡೀರಿ" ಎಂದವರೇ ಹಿಂದಿನ ಮೋರಿಯ ಹತ್ತಿರ ಎಳೆದು ಮಲಗಿಸಿದರು. ನಲ್ಲಿಯ ಪೈಪು ಬಿಟ್ಟರು. ಒದ್ದೆ ಗೋಣಿ ಹೊದಿಸಿ, ತೆಗೆದು, ಮತ್ತೆ ಒದ್ದೆ ಮಾಡಿ, ಬೀಸಿ, ಅರ್ಧ ಗಂಟೆ. ಅವನು ಒದ್ದಾಡಿದ, ಬೈದ. ಆಮೇಲೆ ನನ್ನ ಹೆಸರು ಹಿಡಿದು ಕರೆದ.

ಬದುಕಿದ. ಮರುದಿನ ಬೆಳಿಗ್ಗೆ ಐದಕ್ಕೆ ಕಾವಲಿಯ ಮುಂದೆ ನಿಂತಿದ್ದ. ನಿಲ್ಲದೆ ಏನು ಮಾಡುವುದು? ನಿಲ್ಲದಿದ್ದರೆ ಊರಿಗೆ ಮನಿಯಾರ್ಡರ್ ಹೋಗುತ್ತಿರಲಿಲ್ಲ. ಒಂದು ದಿನ ಮಲಗು ಎಂದು ಯಾರೂ ಅವನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಲಂಕಾವಿಗೆ ನಾನು ಕಟ್ಟಿದ ಪ್ರವೇಶ ಶುಲ್ಕ ಸುಮಾರು ಮೂವತ್ತು ಸಾವಿರ. ಅರವತ್ತರಿಂದ ಭಾಗಿಸಿ ನೋಡಿದೆ. ಆಗಿನ ಸಂಬಳದಲ್ಲಿ ನಲವತ್ತು ವರ್ಷಕ್ಕೂ ಹೆಚ್ಚಿನ ದುಡಿಮೆ.

* * *

ಇನ್ನು ಲಂಕಾವಿ. 2022ರ ನವೆಂಬರ್. ಕೋವಿಡ್ಡಿನ ನಂತರ ಜನ ಮತ್ತೆ ಒಟ್ಟು ಸೇರಿದ್ದ ವರ್ಷ. ಸೈಕಲ್ಲನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಿ ಕೌಲಾಲಂಪುರದ ಮೇಲೆ ಹೋದೆವು. ನನ್ನವಳು ಅಲ್ಲಿಯ ರೋಟಿ ಚಾನಾಯ್ ನೋಡಿ, "ಇದು ನಮ್ಮ ಪರೋಟವೇ ಅಲ್ವಾ, ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದಳು.

ಅಲ್ಲಿ ಬೆಳಕು ಹರಿಯುವುದೇ ಏಳರ ಹೊತ್ತಿಗೆ. ಕಡಲು ಬೆಚ್ಚಗಿತ್ತು. ತಣ್ಣೀರಿಗೆ ತೊಡುವ ರಬ್ಬರಿನ ಅಂಗಿಗೆ ಅಲ್ಲಿ ಅವಕಾಶವೇ ಇಲ್ಲ, ನೀರಿನಲ್ಲೇ ಬೆವರು ಬರುತ್ತದೆ. ಸೌಪರ್ಣಿಕೆಯಲ್ಲಿ ಮುಳುಗಿ ಎದ್ದು ಬೆಳೆದವನು ನಾನು, ಈಜು 58 ನಿಮಿಷಕ್ಕೆ ಮುಗಿಯಿತು. ಸೈಕಲ್ ದಾರಿಯಲ್ಲಿ ಏರು ಇಳಿತ ಬೇಕಾದಷ್ಟು. ನಡುವೆ ಒಂದು ಮಳೆ ಬಂತು, ಹಾಯೆನಿಸಿತು. ಹತ್ತು ನಿಮಿಷದಲ್ಲಿ ಬಿಸಿಲು ಬಂದು ರಸ್ತೆಯಿಂದ ಹಬೆ ಎದ್ದಿತು. ಇಡ್ಲಿ ಅಟ್ಟದ ಮುಚ್ಚಳ ತೆಗೆದ ಹಾಗೆ. ಸೈಕಲ್ಲಿನಲ್ಲಿ ಗಾಳಿಯಾದರೂ ಮುಖಕ್ಕೆ ಬಡಿಯುತ್ತದೆ, ಕೆಳಗಿಳಿದು ಓಡತೊಡಗಿದಾಗ ಅದೂ ಇಲ್ಲ. ಓಟ ಶುರುವಾದಾಗ ಮಧ್ಯಾಹ್ನ ಒಂದು ಗಂಟೆ.

ಆದರೆ ವ್ಯವಸ್ಥೆ ನೋಡಬೇಕು. ಸುಮಾರು ಎರಡು ಕಿಲೋಮೀಟರಿಗೊಂದು ಮೇಜು. ನೀರು, ಉಪ್ಪು-ಸಕ್ಕರೆ ಬೆರೆತ ಪಾನೀಯ, ಬಾಳೆಹಣ್ಣು, ಐಸ್ ತುಂಡು, ತಣ್ಣೀರಲ್ಲಿ ಅದ್ದಿದ ಸ್ಪಂಜು. ಟೋಪಿಯೊಳಗೆ ಐಸ್ ತುಂಬಿಕೊಳ್ಳುವವರು, ಬನಿಯನ್ನೊಳಗೆ ಸುರಿದುಕೊಳ್ಳುವವರು. ಶಾಲೆಯ ಮಕ್ಕಳು ನಿಂತು ಹೆಸರು ಹಿಡಿದು ಕೂಗಿ ಹುರಿದುಂಬಿಸುತ್ತಿದ್ದರು. ಸೈಕಲ್ ಮೇಲೆ, ಬೈಕ್ ಮೇಲೆ ವೈದ್ಯಕೀಯ ತಂಡ. ಒಂದೊಂದು ಮೇಜಿನಲ್ಲೂ ನಿಲ್ಲುವುದು, ಎರಡು ಲೋಟ ಕುಡಿಯುವುದು, ತಲೆಗೆ ಸ್ಪಂಜು ಹಿಂಡಿಕೊಳ್ಳುವುದು, ನಿಧಾನ ಓಡುವುದು. ಹೀಗೆ ಲೆಕ್ಕ ಹಾಕಿ ಹದಿಮೂರು ಕಿಲೋಮೀಟರ್ ಬಂದಿದ್ದೆ.

ಹದಿನಾಲ್ಕರ ಹತ್ತಿರ ನನ್ನ ಮುಂದೆ ಒಬ್ಬ. ಮೂವತ್ತರ ಆಸುಪಾಸು, ಗಟ್ಟಿ ಆಳು. ಯಾವ ದೇಶದವನೋ ಗೊತ್ತಿಲ್ಲ. ರಸ್ತೆಯ ಈ ಬದಿಯಿಂದ ಆ ಬದಿಗೆ ಓಡುತ್ತಿದ್ದ. ಮೈತುಂಬ ಬೆವರು ಸುರಿಯುತ್ತಿತ್ತು. ಹತ್ತಿರ ಹೋಗಿ "ಓಕೆ?" ಅಂದೆ. ಏನೋ ಹೇಳಿದ, ನನಗಲ್ಲ. ತಟ್ಟನೆ ತಿರುಗಿ, ಬಂದ ದಿಕ್ಕಿಗೇ ಓಡಲು ಹೊರಟ. ಆಗ ಅವನ ಕಣ್ಣು ಕಂಡಿತು.

ಆ ಕಣ್ಣನ್ನು ನಾನು ಮೂವತ್ತಾರು ವರ್ಷದ ಹಿಂದೆ ನೋಡಿದ್ದೆ.

ಅವನ ಎರಡೂ ತೋಳು ಹಿಡಿದುಕೊಂಡೆ. ಕೊಸರಿಕೊಂಡ, ಒಂದು ಸಲ ನೂಕಿಯೂ ಬಿಟ್ಟ. ಹಿಂದಿನಿಂದ ಬಂದ ಇನ್ನೊಬ್ಬರು ಕೈ ಸೇರಿಸಿದರು, ಇಬ್ಬರೂ ಸೇರಿ ಮರದ ಕೆಳಗೆ ಕೂರಿಸಿದೆವು. ಮೇಜಿನ ಹುಡುಗಿ ಓಡಿ ಬಂದಳು, ರೇಡಿಯೋದಲ್ಲಿ ಹೇಳಿದಳು, ಐಸಿನ ಬಕೆಟ್ಟು ತಂದಳು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್, ಮೈಮೇಲೆ ನೀರು. ಕಾಲು ಗಂಟೆಯೊಳಗೆ ವೈದ್ಯರು ಬಂದರು. ಅವರು ಅವನನ್ನು ಆಸ್ಪತ್ರೆಗೆ ಓಡಿಸಲಿಲ್ಲ. ಹತ್ತಿರದ ಡೇರೆಯಲ್ಲಿ ಐಸ್ ನೀರು ತುಂಬಿದ ತೊಟ್ಟಿ ಇತ್ತು, ಮೊದಲು ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿಸಿದರು. ಮೊದಲು ತಣಿಸು, ಆಮೇಲೆ ಸಾಗಿಸು. ಇದೇ ಈಗಿನ ನಿಯಮ. ಮೈಯೊಳಗಿನ ಕಾವು 40 ದಾಟಿ ತಲೆ ಕೆಟ್ಟಿತೆಂದರೆ ಅದು ಹೀಟ್ ಸ್ಟ್ರೋಕ್. ಅರ್ಧ ಗಂಟೆಯೊಳಗೆ ಕಾವು ಇಳಿಸಿದರೆ ಬಹುಮಟ್ಟಿಗೆ ಎಲ್ಲರೂ ಬದುಕುತ್ತಾರೆ. ನಮ್ಮ ಭಟ್ಟರು ಮೋರಿಯ ಬದಿಯಲ್ಲಿ ಮಾಡಿದ್ದೂ ಅದೇ, ತೊಟ್ಟಿ ಇರಲಿಲ್ಲ ಅಷ್ಟೆ.

ನನ್ನ ಗಡಿಯಾರದಲ್ಲಿ 7 ಗಂಟೆ 18 ನಿಮಿಷ. ಇನ್ನು ಏಳು ಕಿಲೋಮೀಟರ್, ಎಪ್ಪತ್ತೆರಡು ನಿಮಿಷ. ಓಡಬಹುದಿತ್ತು. ಆದರೆ ಅಷ್ಟರಲ್ಲಿ ನನ್ನದೇ ತೋಳಿನ ಮೇಲೆ ರೋಮ ನಿಂತಿತ್ತು, ಆ ಬಿಸಿಲಲ್ಲಿ ಒಂದು ಸಣ್ಣ ಚಳಿ. ಅದು ಒಳ್ಳೆಯ ಲಕ್ಷಣ ಅಲ್ಲ. ಮುಂದಿನ ಮೇಜಿನಲ್ಲಿ ನಿಂತು ಚಳಿ ಹೋಗುವವರೆಗೆ ಐಸ್ ಇಟ್ಟುಕೊಂಡೆ. ಆಮೇಲೆ ಬಿರುಸಾಗಿ ನಡೆದೆ, ನಡುನಡುವೆ ನೆರಳು ಸಿಕ್ಕಲ್ಲಿ ಮಾತ್ರ ಓಡಿದೆ. ಮತ್ತೆ ಚಳಿ ಬಂದರೆ ಚಿಪ್ ಬಿಚ್ಚಿ ಕೊಟ್ಟುಬಿಡುವುದು ಎಂದು ತೀರ್ಮಾನ ಮಾಡಿಕೊಂಡಿದ್ದೆ. ಬರಲಿಲ್ಲ. 8 ಗಂಟೆ 22 ನಿಮಿಷಕ್ಕೆ ಗೆರೆ ದಾಟಿದೆ. ಮೆಡಲ್ ಹಾಕಿದರು, ಫೋಟೋ ತೆಗೆದರು. ನಾನು ಮೊದಲು ಹೋದದ್ದು ವೈದ್ಯರ ಡೇರೆಗೆ. ಅವನು ಎದ್ದು ಕೂತಿದ್ದಾನೆ, ಹೆಸರು ಹೇಳಿದ್ದಾನೆ ಎಂದರು. ಒಳಗೆ ಬಿಡಲಿಲ್ಲ. ಅಷ್ಟು ತಿಳಿದದ್ದೇ ಸಾಕಾಯಿತು.

* * *

ಈ ಆಟದ ಲೋಕದಲ್ಲಿ ಬಿದ್ದರೂ ಎದ್ದು ಮುಗಿಸಿದವರ ಕಥೆಗೆ ಬಹಳ ಮರ್ಯಾದೆ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ, ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನಿನಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಗೇಬ್ರಿಯೆಲಾ ಆಂಡರ್ಸನ್-ಶೀಸ್ ಮೈ ಒಂದು ಕಡೆ ವಾಲಿಸಿಕೊಂಡು ತೂರಾಡುತ್ತ ಸ್ಟೇಡಿಯಮ್ಮಿಗೆ ಬಂದರು. ಕೊನೆಯ ಒಂದು ಸುತ್ತಿಗೆ ಐದೂಮುಕ್ಕಾಲು ನಿಮಿಷ ಹಿಡಿಯಿತು. ಇನ್ನೂ ಬೆವರುತ್ತಿದ್ದಾರೆ, ಹಾಗಾಗಿ ಅಪಾಯವಿಲ್ಲ ಎಂದು ವೈದ್ಯರು ತಡೆಯಲಿಲ್ಲ. ಇವತ್ತಿನ ವೈದ್ಯರು ಆ ಲೆಕ್ಕ ಒಪ್ಪುವುದಿಲ್ಲ, ಓಡುವವನಿಗೆ ಹೀಟ್ ಸ್ಟ್ರೋಕ್ ಆದಾಗಲೂ ಬೆವರು ಸುರಿಯುತ್ತಲೇ ಇರಬಹುದು. ಲಂಕಾವಿಯಲ್ಲಿ ನಾನೇ ನೋಡಿದೆನಲ್ಲ. 2016ರಲ್ಲಿ ಮೆಕ್ಸಿಕೊದ ಕೊಸುಮೆಲ್‌ನಲ್ಲಿ ಟ್ರಯಥ್ಲಾನ್ ಗೆಲ್ಲಲಿದ್ದ ಜಾನಿ ಬ್ರೌನ್ಲಿ ಕೊನೆಯ ಕೆಲವೇ ನೂರು ಮೀಟರಿನಲ್ಲಿ ತೂರಾಡಿದಾಗ, ಹಿಂದಿನಿಂದ ಬಂದ ಅಣ್ಣ ಆಲಿಸ್ಟರ್ ತನ್ನ ಗೆಲುವು ಬಿಟ್ಟು ತಮ್ಮನನ್ನು ತೋಳಿನ ಮೇಲೆ ಹಾಕಿಕೊಂಡು ಗೆರೆ ದಾಟಿಸಿದ. ಜಗತ್ತೆಲ್ಲ ಕಣ್ಣೀರು ಹಾಕಿತು. ನಾನೂ ಹಾಕಿದೆ.

ಆದರೆ ನನಗೆ ಹೆಚ್ಚು ಹಿಡಿಸಿದ್ದು 2019ರ ದೋಹಾ. ವಿಶ್ವ ಅಥ್ಲೆಟಿಕ್ಸ್‌ನ ಮಹಿಳಾ ಮ್ಯಾರಥಾನನ್ನು ಬಿಸಿಲಿಗೆ ಹೆದರಿ ರಾತ್ರಿ 11.59ಕ್ಕೆ ಇಟ್ಟಿದ್ದರು. ನಡುರಾತ್ರಿಯಲ್ಲೂ 32 ಡಿಗ್ರಿ ದಾಟಿತ್ತು. ಹೊರಟ 68 ಜನರಲ್ಲಿ 28 ಮಂದಿ ನಡುವೆಯೇ ನಿಂತರು. ಪತ್ರಿಕೆಗಳು ಅದನ್ನು ಅವಮಾನದಂತೆ ಬರೆದವು, ಆಯೋಜಕರಿಗೆ ಅದು ಸರಿಯೇ. ಆದರೆ ಆ 28 ಜನ ಜಗತ್ತಿನ ಶ್ರೇಷ್ಠ ಓಟಗಾರ್ತಿಯರು. ಅವರಿಗೆ ಮನೋಬಲ ಕಡಿಮೆ ಇತ್ತೇ? ಸಾಕು ಅನ್ನುವುದು ಅವರಿಗೆ ಗೊತ್ತಿತ್ತು. ಹಾಗೆ ಅನ್ನಲು ಅವರಿಗೆ ಅವಕಾಶವೂ ಇತ್ತು.

ಈ ಅವಕಾಶ ಎಂಬುದು ಎಷ್ಟು ದೊಡ್ಡದು ಎಂದು ನನಗೆ ಹೊಳೆದದ್ದು ಲಂಕಾವಿಯಿಂದ ಬಂದು ಐದು ತಿಂಗಳಾದ ಮೇಲೆ. 2023ರ ಏಪ್ರಿಲ್ 16, ಭಾನುವಾರ. ನವಿಮುಂಬಯಿಯ ಖಾರ್ಘರಿನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ. ಬಯಲಿನಲ್ಲಿ ಲಕ್ಷಗಟ್ಟಲೆ ಜನ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸೂರ್ಯನ ಕೆಳಗೆ. ಬಿಸಿಲಿನ ಹೊಡೆತಕ್ಕೆ ಹದಿನಾಲ್ಕು ಜನ ತೀರಿಕೊಂಡರು. ಅವರು ಓಡುತ್ತಿರಲಿಲ್ಲ. ಸುಮ್ಮನೆ ಕೂತಿದ್ದರು, ಭಕ್ತಿಯಿಂದ. ನಾನು ಸೈಕಲ್ ಹೊಡೆಯುತ್ತಿದ್ದ ರಸ್ತೆಯಿಂದ ಸ್ವಲ್ಪವೇ ದೂರ. ಆಮೇಲೆ ಸರಕಾರ ಬೇಸಿಗೆಯಲ್ಲಿ ಹನ್ನೆರಡರಿಂದ ಐದರವರೆಗೆ ಬಯಲು ಕಾರ್ಯಕ್ರಮ ಬೇಡವೆಂದಿತು.

ಅವತ್ತು ರಾತ್ರಿ ಟಿವಿ ನೋಡುತ್ತ ನನಗೆ ಊಟ ಸೇರಲಿಲ್ಲ. ಎರಡು ವಾರ ಮೈ ಒಗ್ಗಿಸಿಕೊಂಡು, ಎರಡು ಕಿಲೋಮೀಟರಿಗೊಮ್ಮೆ ಐಸ್ ಸಿಕ್ಕು, ಬೇಡವೆಂದಾಗ ಚಿಪ್ ಬಿಚ್ಚಿಕೊಡುವ ಹಕ್ಕು ಇಟ್ಟುಕೊಂಡು ನಾನು ಓಡಿದೆ. ಎಲ್ಲರೂ ಕೂತಿರುವಾಗ ನಡುವಿನಿಂದ ಎದ್ದು ಹೋಗುವುದು ಹೇಗೆ ಎಂದು ಕೂತವರಿಗೆ ಅದಿರಲಿಲ್ಲ. ಕಾವಲಿಯ ಮುಂದಿನ ನನ್ನ ಗೆಳೆಯನಿಗೂ ಇರಲಿಲ್ಲ. ಬಿಸಿಲಿನ ಎದುರು ಮನೋಬಲ, ಛಲ ಎಲ್ಲ ಸ್ವಲ್ಪ ದೂರಕ್ಕೆ ಮಾತ್ರ. ಮನುಷ್ಯನನ್ನು ಉಳಿಸುವುದು ನಾಲ್ಕೇ ನಾಲ್ಕು. ನೀರು, ಉಪ್ಪು, ನೆರಳು, ಮತ್ತೆ 'ಸಾಕು' ಅನ್ನುವ ಸ್ವಾತಂತ್ರ್ಯ. ಮೊದಲ ಮೂರು ಅಗ್ಗ. ನಾಲ್ಕನೆಯದನ್ನು ಬೇರೆಯವರು ಕೊಡಬೇಕಾಗುತ್ತದೆ.

* * *

ಮರುವರ್ಷ ನಮ್ಮ ಸೊಸೈಟಿಗೆ ಬಣ್ಣ ಹೊಡೆಸುವ ಕೆಲಸ ಏಪ್ರಿಲ್‌ನಲ್ಲೇ ಬಂತು. ನಾನು ಕಮಿಟಿಯಲ್ಲಿದ್ದೆ. ಪಶ್ಚಿಮದ ಗೋಡೆಗೆ ಹಗ್ಗ ಕಟ್ಟಿ ಹುಡುಗರು ಮಧ್ಯಾಹ್ನವೂ ತೂಗಾಡುತ್ತಿದ್ದರು. ಹನ್ನೆರಡರಿಂದ ನಾಲ್ಕು ಕೆಲಸ ಬೇಡ, ಆ ಹೊತ್ತಿಗೆ ಕೂಲಿ ಕತ್ತರಿಸುವುದೂ ಬೇಡ ಎಂದೆ. ಕಾಂಟ್ರಾಕ್ಟರ್ ಮುಖ ಸಿಂಡರಿಸಿದ, ಸಭೆಯಲ್ಲಿ ಇಬ್ಬರು ಖರ್ಚಿನ ಮಾತೆತ್ತಿದರು. ಕೊನೆಗೆ ಐದು ದಿನ ಹೆಚ್ಚು ಹಿಡಿಯಿತು, ಸ್ವಲ್ಪ ದುಡ್ಡೂ ಹೆಚ್ಚಾಯಿತು. ಹುಡುಗರು ನಾಲ್ಕು ಗಂಟೆ ಲಿಫ್ಟಿನ ಪಕ್ಕ ನೆರಳಲ್ಲಿ ಮಲಗುತ್ತಿದ್ದರು. ನನ್ನವಳು ಹನ್ನೊಂದಕ್ಕೆ ಒಂದು ಪಾತ್ರೆ ತೆಳಿಗೆ ಉಪ್ಪು ಹಾಕಿ ಕಳಿಸುತ್ತಿದ್ದಳು. ಬಿಹಾರದ ಹುಡುಗರು, ಮೊದಲ ದಿನ ಮೂಸಿ ನೋಡಿದರು. ಮೂರನೇ ದಿನ ಪಾತ್ರೆ ಖಾಲಿಯಾಗಿ ಬಂತು.

ಈ ಬ್ಲಾಗ್ ಓದುವವರಲ್ಲಿ ಹೋಟೆಲಿನವರು ಕೆಲವರಿದ್ದೀರಿ, ನನಗೆ ಗೊತ್ತು. ನಿಮ್ಮಲ್ಲಿ ಬಹಳ ಮಂದಿ ನನ್ನ ಹಾಗೆಯೇ ಮಾಳಿಗೆಯ ಚಾಪೆಯಿಂದ ಮೇಲೆ ಬಂದವರು. ಈಗ ಗಿರಾಕಿ ಕೂರುವಲ್ಲಿ ಏಸಿ ಇದೆ, ಗಲ್ಲಾದ ಮೇಲೂ ಇದೆ. ಒಳಗೆ? ಒಂದು ಕೆಲಸ ಮಾಡಿ. ಬರುವ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆಗೆ ಕಾವಲಿಯ ಪಕ್ಕ ಕಾಲು ಗಂಟೆ ಸುಮ್ಮನೆ ನಿಂತು ನೋಡಿ. ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದೆಯೋ, ಎಣ್ಣೆ ಜಿಡ್ಡು ಕಟ್ಟಿ ನಿಂತಿದೆಯೋ ನೋಡಿ. ಹುಡುಗರಿಗೆ ಗಂಟೆಗೊಮ್ಮೆ ಹೊರಗೆ ಹೋಗಿ ಕೂರಲು ಬಿಡಿ, ಊರಿಂದ ಹೊಸದಾಗಿ ಬಂದವನನ್ನು ಮೊದಲ ವಾರ ಕಾವಲಿಗೆ ನಿಲ್ಲಿಸಬೇಡಿ. ಯಾರಾದರೂ ಅಸಂಬದ್ಧ ಮಾತಾಡಿದರೆ ನಗಬೇಡಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹೊಯ್ದು ಗಾಳಿ ಹಾಕಿ, ಆಂಬುಲೆನ್ಸ್‌ಗೆ ಫೋನು ಮಾಡಿ. ಪ್ರಜ್ಞೆ ಸರಿ ಇಲ್ಲದವನ ಬಾಯಿಗೆ ನೀರು ಹಾಕಬೇಡಿ. ಅವನು ಸುಧಾರಿಸಿಕೊಂಡರೆ, ಮರುದಿನ ಐದಕ್ಕೆ ಬರಬೇಡ, ಸಂಬಳ ಹೋಗುವುದಿಲ್ಲ ಎಂದು ನೀವೇ ಬಾಯಿಬಿಟ್ಟು ಹೇಳಿ. ಅವನಾಗಿ ಕೇಳುವುದಿಲ್ಲ.